ಕಸುಬುಕಸಿ

ಗಾಜಿನ ಗೋಡೆಯ ಆಚೆ ಒರಗುಕುರ್ಚಿಯಲ್ಲಿ ಕುಳಿತಿದ್ದವನ ಹೆಸರು ಮಾದಶೆಟ್ಟಿ. ಲಾರಿಗಳು ತಮ್ಮಷ್ಟಕ್ಕೆ ತಾವೇ ಓಡಲು ಕಲಿಯುವವರೆಗೆ ಅವನು ಲಾರಿ ಚಾಲಕನಾಗಿದ್ದ. ಈಗ ಅವನ ಮುಂದೆ ಸಣ್ಣ ಮೇಜು, ಮೇಜಿನ ಮೇಲೆ ರಬ್ಬರಿನಿಂದ ಮಾಡಿದ ರಕ್ತನಾಳ, ಕೈಯಲ್ಲಿ ಕೂದಲಿಗಿಂತ ತೆಳುವಾದ ಸೂಜಿ. ತಲೆಗೆ ತೊಡಿಸಿದ್ದ ಬೆಳ್ಳಿಬಣ್ಣದ ಟೊಪ್ಪಿಗೆಯಿಂದ ದುಂಬಿ ಗುಂಯ್‌ಗುಡುವಂಥ ಸದ್ದು ಬರುತ್ತಿತ್ತು. ಸ್ಟೇರಿಂಗ್ ಹಿಡಿದು ಜಡ್ಡುಗಟ್ಟಿದ ಆ ದಪ್ಪ ಬೆರಳುಗಳು ನಾಳವನ್ನು ಹೊಲಿಯತೊಡಗಿದವು. ಒಂದು ಹೊಲಿಗೆ, ಒಂದು ಗಂಟು, ಮತ್ತೊಂದು ಹೊಲಿಗೆ. ಬಾಳೆಲ್ಲ ಅದನ್ನೇ ಮಾಡಿಕೊಂಡು ಬಂದವನ ಕೈಯಂತಿತ್ತು ಅದು. ಮಾದಶೆಟ್ಟಿ ಮಾತ್ರ ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕುಳಿತಿದ್ದ.

“ನೋಡಿದಿರಲ್ಲ, ಇದೇ ಕಸುಬುಕಸಿ,” ಎಂದರು ಡಾಕ್ಟರ್ ಬೋಪಯ್ಯ.

ಅವರ ಪಕ್ಕದಲ್ಲಿ ಇಂಪನಾ ನಿಂತಿದ್ದಳು. ಅವಳು ನೋಡುತ್ತಿದ್ದುದು ಸೂಜಿಯನ್ನಲ್ಲ, ಮಾದಶೆಟ್ಟಿಯ ಮುಖವನ್ನು. ಎದುರಿಗಿದ್ದವರ ಮುಖವನ್ನೂ ಕೈಯನ್ನೂ ಒಟ್ಟಿಗೆ ಓದುವುದು ಅವಳಿಗೆ ಹುಟ್ಟುಗುಣದಂತೆ ಆಗಿಹೋಗಿತ್ತು.

ಇಂಪನಾ ಮೈಸೂರಿನ ನ್ಯಾಯಾಲಯದಲ್ಲೂ ಆಸ್ಪತ್ರೆಗಳಲ್ಲೂ ಸನ್ನೆಭಾಷೆಯ ದುಭಾಷಿಯಾಗಿದ್ದವಳು. ಕಿವಿ ಕೇಳದವರ ಕೈಮಾತನ್ನು ವಕೀಲರಿಗೆ, ವೈದ್ಯರಿಗೆ ಬಾಯಿಮಾತಿನಲ್ಲಿ ಹೇಳಬೇಕು. ಅವರ ಮಾತನ್ನು ಮತ್ತೆ ಕೈಯಲ್ಲಿ ತಿರುಗಿಸಿ ಹೇಳಬೇಕು. ಈ ವಿದ್ಯೆಯನ್ನು ಅವಳು ಹೊಟ್ಟೆಪಾಡಿಗೆಂದು ಕಲಿತದ್ದಲ್ಲ. ಮಗಳು ಹಂಸಿನಿ ಹುಟ್ಟುವಾಗಲೇ ಕಿವುಡಿಯಾಗಿದ್ದಳು. ತೊಟ್ಟಿಲಲ್ಲಿದ್ದ ಕೂಸಿನ ಜೊತೆ ತಾಯಿಯೂ ಒಂದೊಂದೇ ಸನ್ನೆ ಕಲಿತಳು. ಗಂಡನಿಗೆ ಅದು ಒಗ್ಗಲಿಲ್ಲ. ಮಗುವಿಗೆ ಎರಡು ತುಂಬುವ ಮೊದಲೇ ಅವನು ಬೇರೆಯಾಗಿ ಹೊರಟುಹೋದ. ಆಮೇಲೆ ಆ ಮನೆಯಲ್ಲಿ ಬಾಯಿಮಾತಿನ ಅಗತ್ಯವೇ ಬೀಳಲಿಲ್ಲ. ಊಟ, ಜಗಳ, ಕತೆ, ಲೆಕ್ಕದ ಪಾಠ, ಮುನಿಸು ಎಲ್ಲವೂ ಕೈಯಲ್ಲೇ ನಡೆಯುತ್ತಿದ್ದವು. ಹಂಸಿನಿಗೆ ಒಂಬತ್ತಾಗಿದ್ದಾಗ ಬಂದ ಜ್ವರ ಮಿದುಳಿಗೇರಿತು. ಮಗು ಉಳಿಯಲಿಲ್ಲ.

ಕೇಳದ ಕಿವಿಗೆ ಸದ್ದು ತಲುಪಿಸುವ ಶ್ರವಣತಂತು ಬಳಕೆಗೆ ಬಂದದ್ದು ಅದರ ಮರುವರ್ಷ. ಕಿವಿಯ ಹಿಂದೆ ಜೇಡರ ನೂಲಿನಷ್ಟು ಸಣ್ಣ ತಂತುವನ್ನು ಸೇರಿಸಿದರೆ ಅದು ಸದ್ದನ್ನು ನೇರವಾಗಿ ಮಿದುಳಿಗೆ ಒಯ್ಯುತ್ತಿತ್ತು. ಊರಿನ ಕಿವುಡು ಮಕ್ಕಳೆಲ್ಲ ಕೇಳತೊಡಗಿದರು, ಮಾತಾಡತೊಡಗಿದರು. ಸಂತೋಷಪಡಬೇಕಾದ ಸಂಗತಿ; ಇಂಪನಾ ಪಟ್ಟಳು ಕೂಡ. ಆದರೆ ನ್ಯಾಯಾಲಯದಿಂದ ಕರೆ ಬರುವುದು ಕಡಿಮೆಯಾಯಿತು, ಆಮೇಲೆ ಆಸ್ಪತ್ರೆಗಳಿಂದ. ಕೊನೆಗೊಂದು ದಿನ ದುಭಾಷಿಗಳ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲಿ ಕುರ್ಚಿಗಳನ್ನು ಪೇರಿಸಿಟ್ಟರು.

ಅಲ್ಲಿಂದ ಮುಂದೆ ಅವಳಿಗೆ ದಿಕ್ಕು ತೋಚದಂತಾಯಿತು. ಸೀರೆ ಅಂಗಡಿಯಲ್ಲಿ ನಿಂತಳು, ಬಿಟ್ಟಳು. ಗೆಳತಿಯ ಮಾತು ಕೇಳಿ ಬೇಕರಿ ಕೆಲಸ ಕಲಿಯಲು ಹೋದಳು, ಅದನ್ನೂ ಬಿಟ್ಟಳು. ಎಲ್ಲಿ ಹೋದರೂ ಕೆಲಸ ಕಷ್ಟ ಎನಿಸುತ್ತಿರಲಿಲ್ಲ, ಆದರೆ ತನ್ನದು ಎಂದೂ ಎನಿಸುತ್ತಿರಲಿಲ್ಲ. “ಮುಂದೇನು?” ಎಂದು ಯಾರಾದರೂ ಕೇಳಿದರೆ “ನೋಡಬೇಕು” ಎನ್ನುತ್ತಿದ್ದಳು. ಏನನ್ನು ನೋಡಬೇಕು ಎಂಬುದು ಅವಳಿಗೇ ತಿಳಿಯದು. ಬೆಳಿಗ್ಗೆ ಸೀರೆಯುಟ್ಟು ತಲೆ ಬಾಚಿಕೊಂಡು ಬಸ್ ನಿಲ್ದಾಣಕ್ಕೆ ಬಂದು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟು, ಮನೆಗೆ ಹಿಂತಿರುಗಿದ ದಿನಗಳೂ ಇದ್ದವು.

ಬೋಪಯ್ಯನವರ ಸಂಸ್ಥೆಗೆ ಅವಳು ಬಂದದ್ದು ಹೀಗೆ.

“ನಿಮಗೆ ಯಾವ ಕೆಲಸ ಇಷ್ಟ?” ಎಂದು ಅವರು ಕೇಳಿದರು.

“ಗೊತ್ತಾಗ್ತಾ ಇಲ್ಲ ಸಾರ್. ಅದೇ ತೊಂದರೆ.”

“ಗೊತ್ತಾಗದವರಿಗೇ ಈ ಯಂತ್ರ,” ಎಂದು ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ. ಕೊಡಗಿನವರು. ಎದುರಿಗಿದ್ದವರಿಗೆ ಅರ್ಥವಾಗುವವರೆಗೆ ಬೇಸರಿಸದೆ ವಿವರಿಸುವ ಸ್ವಭಾವ. “ಮಾವಿಗೆ ಕಸಿ ಕಟ್ಟೋದು ನೋಡಿದೀರಾ? ಕಾಡುಮಾವಿನ ಗಿಡದ ತಲೆ ಕತ್ತರಿಸಿ, ಒಳ್ಳೆ ಜಾತಿಯ ಕೊಂಬೆ ತಂದು ಕೂರಿಸ್ತಾರೆ. ಕೈಗೆ ಬಂದ ಕಸುಬು ಮಿದುಳಿನಲ್ಲಿ ಒಂದು ಹೆಣಿಗೆಯಾಗಿ ಇರುತ್ತೆ. ಕಸುಬುಹೆಣಿಗೆ ಅಂತೀವಿ ನಾವು. ಹಳೆಯ ಹೆಣಿಗೆ ಬಿಚ್ಚಿದರೆ ಆ ಜಾಗದಲ್ಲಿ ಹೊಸದು ಬೇಗ ಕೂತ್ಕೊಳ್ಳುತ್ತೆ. ವರ್ಷಗಟ್ಟಲೆ ಕಲಿಯೋದು ಕೆಲವೇ ದಿನದಲ್ಲಿ ಕೈಗೆ ಬರುತ್ತೆ.”

“ಹಳೆಯದು ಹೋಗಿಬಿಡುತ್ತಾ?”

“ಹೋಗುತ್ತೆ. ಮಾದಶೆಟ್ಟಿಗೆ ಇನ್ನು ಲಾರಿ ಓಡಿಸೋಕೆ ಬರಲ್ಲ. ಆದರೆ ಓಡಿಸೋಕೆ ಲಾರಿಯೂ ಇಲ್ಲವಲ್ಲ.”

ಇಂಪನಾ ಗಾಜಿನಾಚೆಯ ಮಾದಶೆಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಕೇಳಿದಳು: “ನೆನಪು?”

“ನೆನಪಿಗೆ ಏನೂ ಆಗಲ್ಲ. ಅದರ ಜಾಗವೇ ಬೇರೆ. ಮಾದಶೆಟ್ಟಿಗೆ ತಾನು ಓಡಿಸಿದ ರಸ್ತೆಗಳೆಲ್ಲ ನೆನಪಿವೆ, ಬೇಕಾದರೆ ಕೇಳಿ.”

ಅವಳು ಕೇಳಲಿಲ್ಲ. ಮಗಳ ನೆನಪಿಗೆ ಕುಂದಿಲ್ಲ ಎಂದ ಮೇಲೆ ಬೇರೆ ಯಾವುದರ ಚಿಂತೆಯೂ ಅವಳಿಗಿರಲಿಲ್ಲ. ಕಸುಬು ಯಾವುದೆಂದು ಯಂತ್ರವೇ ಆರಿಸಿತು. ಅವಳ ಬೆರಳುಗಳ ಚುರುಕಿಗೂ ನೋಟದ ಸೂಕ್ಷ್ಮಕ್ಕೂ ಕನ್ನಡಕದ ಮಸೂರ ತಿದ್ದುವ ಕೆಲಸ ಹೊಂದುತ್ತದೆ ಎಂದಿತು. ಯಾರಾದರೂ ಆರಿಸಿಕೊಟ್ಟರೆ ಸಾಕಾಗಿದ್ದ ಅವಳು ಒಪ್ಪಿದಳು.

ಕಸಿ ನೋಯಲಿಲ್ಲ. ಟೊಪ್ಪಿಗೆ ತೊಟ್ಟು ಕೆಲವು ಬೆಳಗುಗಳನ್ನು ಕಳೆದದ್ದಷ್ಟೇ. ಮಸೂರದ ಕಾರ್ಖಾನೆಯಲ್ಲಿ ಮೊದಲ ವಾರವೇ ಮೇಲ್ವಿಚಾರಕರು ಅವಳ ಕೆಲಸ ನೋಡಿ ತಲೆದೂಗಿದರು. ಗಾಜನ್ನು ಬೆಳಕಿಗೆ ಹಿಡಿದರೆ ಸಾಕು, ಅದರ ಓರೆಕೋರೆ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಬಂದ ಮೊದಲ ಬಸ್ಸನ್ನೇ ಹತ್ತುತ್ತಿದ್ದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಯಿತು.

ಒಂದು ಭಾನುವಾರ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ಹಗ್ಗಕ್ಕೆ ಸೀರೆ ಹರವುತ್ತಿರುವಾಗ ಎಂದಿನಂತೆ ಹಂಸಿನಿ ನೆನಪಾದಳು. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ಶಾಲೆಯಲ್ಲಿ ನಡೆದದ್ದೇನನ್ನೋ ಹೇಳುತ್ತಿದ್ದಾಳೆ. ಕೈಗಳು ಚಕಚಕನೆ ಆಡುತ್ತಿವೆ, ಹುಬ್ಬು ಮೇಲೇರುತ್ತಿದೆ, ನಗು ತಡೆಯಲಾರದೆ ಕೈ ಅರ್ಧಕ್ಕೇ ನಿಲ್ಲುತ್ತಿದೆ.

ಏನು ಹೇಳುತ್ತಿದ್ದಾಳೆ?

ಇಂಪನಾ ಸೀರೆ ಹಿಡಿದುಕೊಂಡೇ ನಿಂತಳು. ಗೊತ್ತಿರುವ ಹೆಸರು ನಾಲಗೆಗೆ ಬಾರದೆ ಹೋದಂತೆ ಇದೂ ಒಂದು ಗಳಿಗೆಯ ಮರವೆ ಇರಬೇಕು ಎಂದುಕೊಂಡಳು. ಬೇರೆ ನೆನಪೊಂದನ್ನು ತಂದುಕೊಂಡಳು. ಮಗಳು ಹಾಸಿಗೆಯಲ್ಲಿ ಕುಳಿತು ಕೇಳಿದ ಪ್ರಶ್ನೆ. ಕೈ ಕಂಡಿತು, ಪ್ರಶ್ನೆ ತಿಳಿಯಲಿಲ್ಲ. ಅದಕ್ಕೆ ತಾನು ಕೊಟ್ಟ ಉತ್ತರ. ತನ್ನ ಕೈಯೂ ಕಂಡಿತು, ಉತ್ತರ ತಿಳಿಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಜ್ವರದ ನಡುವೆ ಹಂಸಿನಿ ಬಲಗೈಯನ್ನು ಕಷ್ಟಪಟ್ಟು ಎತ್ತಿ ಹೇಳಿದ ಕೊನೆಯ ಮಾತು. ಆ ಮಾತನ್ನು ದಿನಕ್ಕೊಮ್ಮೆಯಾದರೂ ನೆನೆಯದೆ ಇಂಪನಾ ಮಲಗಿದವಳಲ್ಲ. ಈಗ ಅಲ್ಲಿ ಒಂದು ಪುಟ್ಟ ಕೈ ಮೇಲಕ್ಕೆ ಬಂದು ಏನೋ ಮಾಡಿ ಕೆಳಗಿಳಿಯಿತು. ಅಷ್ಟೇ.

ಅವಳು ಒದ್ದೆ ಸೀರೆಯನ್ನು ಎದೆಗೆ ಅವುಚಿಕೊಂಡು ತಾರಸಿಯ ನೆಲದ ಮೇಲೆ ಕುಳಿತುಬಿಟ್ಟಳು.

ಮರುದಿನ ಬೋಪಯ್ಯನವರ ಕೋಣೆಯಲ್ಲಿ ಇದನ್ನೆಲ್ಲ ಹೇಳಿದಾಗ ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಅವರ ಮುಖದಲ್ಲೇ ಕಂಡಿತು. ಪರದೆಯ ಮೇಲೆ ಏನನ್ನೋ ಹುಡುಕಿ, ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಂತ್ರಕ್ಕೆ ಕಸುಬುಗಳನ್ನ ವಿಂಗಡಿಸಿ ಕೊಟ್ಟಿದ್ದೀವಿ. ನೇಯ್ಗೆ, ಹೊಲಿಗೆ, ವಾಹನ ಚಾಲನೆ... ಸನ್ನೆಭಾಷೆಯನ್ನೂ ಕೈಚಳಕದ ಜೊತೆಗೇ ಸೇರಿಸಿದ್ದಾರೆ. ಭಾಷೆ ಅಂತ ಯಾರಿಗೂ ಹೊಳೆದಿಲ್ಲ. ನನಗೂ ಹೊಳೆಯಲಿಲ್ಲ. ನಿಮ್ಮ ನೆನಪು ಹಾಗೇ ಇದೆ ಇಂಪನಾ ಅವರೇ. ಅದು ಯಾವ ಭಾಷೆಯಲ್ಲಿದೆಯೋ ಆ ಭಾಷೆ ಹೋಗಿದೆ.”

“ವಾಪಸ್ ಹಾಕಿ ಸಾರ್. ಮಸೂರದ ಕೆಲಸ ಬೇಡ. ಯಾವ ಕೆಲಸವೂ ಬೇಡ.”

“ಬಿಚ್ಚಿದ ಹೆಣಿಗೆಯನ್ನ ನಾವು ಎತ್ತಿಡಲ್ಲ.”

“ಬೇರೆ ಯಾರದಾದರೂ ಹಾಕಿ. ಸನ್ನೆ ಬಲ್ಲವರು ಇದಾರೆ.”

“ಒಂದು ಮಿದುಳು ಒಂದೇ ಕಸಿ ತಡೆಯೋದು. ಎರಡನೆಯದಕ್ಕೆ ಹೋದರೆ ಬಾಯಿಮಾತೂ ಹೋಗಬಹುದು. ಬೇರೆಯವರ ಗುರುತೂ ಹೋಗಬಹುದು. ನಿಮ್ಮ ಮಗಳ ಮುಖ...” ಅವರು ಮಾತು ಮುಗಿಸಲಿಲ್ಲ. “ನಾನು ಕೇಳಬೇಕಾಗಿತ್ತು,” ಎಂದರು.

“ನೀವು ಕೇಳಿದಿರಿ ಸಾರ್. ಕಸುಬು ಏನು ಅಂತ ಕೇಳಿದಿರಿ, ದುಭಾಷಿ ಅಂದೆ.” ಇಂಪನಾ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಸೇರಿಸಿಕೊಂಡಿದ್ದಳು. “ಮನೆಯಲ್ಲಿ ಯಾವ ಭಾಷೆ ಮಾತಾಡ್ತಿದ್ದಿರಿ ಅಂತ ಯಾರು ತಾನೆ ಕೇಳ್ತಾರೆ?”

ಸನ್ನೆಭಾಷೆ ಬಲ್ಲವರಿಗೆ ಕಸಿ ಮಾಡಕೂಡದೆಂದು ಸಂಸ್ಥೆ ಆ ವಾರವೇ ನಿಯಮ ಮಾಡಿತು. ಬೋಪಯ್ಯ ಅಲ್ಲಿಗೆ ನಿಲ್ಲಿಸಲಿಲ್ಲ. ಕಸಿಗೆ ಬಂದ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ಬಿಟ್ಟುಕೊಡುವ ಈ ಕಸುಬಿನ ಜೊತೆ ಯಾರು ಯಾರು ನೆನಪಾಗುತ್ತಾರೆ ಎಂದು ಕೇಳತೊಡಗಿದರು. ತಂದೆಯಿಂದ ಕುಲುಮೆ ಕಲಿತವರು, ಹೆಂಡತಿಯ ಜೊತೆ ಮಗ್ಗಕ್ಕೆ ಕೂತವರು ಉತ್ತರ ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿ, ಎದ್ದು ಮನೆಗೆ ಹೋದದ್ದುಂಟು. ಕುರ್ಚಿ ಎಷ್ಟೋ ದಿನ ಖಾಲಿ ಉಳಿಯಿತು. ಸಂಸ್ಥೆಯ ಆಡಳಿತದವರು ಅವರ ಮೇಲೆ ಮುನಿಸಿಕೊಂಡರು. ಆದರೆ ಇಂಪನಾಳ ಪಾಲಿಗೆ ಇದರಿಂದ ಆದದ್ದೇನೂ ಇಲ್ಲ.

ಮತ್ತೆ ಅದೇ ಪ್ರಶ್ನೆ: ಮುಂದೇನು? ಈ ಸಲ ಅದು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗಿನ ಪ್ರಶ್ನೆಯಂತಿರಲಿಲ್ಲ. ಆಗ ಯಾವ ದಾರಿಯೂ ಬೇಕಿರಲಿಲ್ಲ. ಈಗ ಬೇಕಾದ ದಾರಿ ಒಂದೇ ಒಂದಿತ್ತು, ಅದು ಮುಚ್ಚಿತ್ತು. ಬದುಕಬೇಕಲ್ಲ ಎಂದು ಮಸೂರದ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡು ಉಳಿಸಿಕೊಂಡಳು. ಸನ್ನೆಭಾಷೆಯನ್ನು ಮತ್ತೆ ಮೊದಲಿನಿಂದ ಕಲಿಯಲು ಮಧ್ಯಾಹ್ನ ಅರುಳಪ್ಪನವರ ಮನೆಗೆ ಹೋಗತೊಡಗಿದಳು.

ಅರುಳಪ್ಪ ವಯಸ್ಸಾದ ದರ್ಜಿ. ಹುಟ್ಟು ಕಿವುಡರು. ಮಕ್ಕಳು ಎಷ್ಟು ಹೇಳಿದರೂ ಶ್ರವಣತಂತು ಹಾಕಿಸಿಕೊಂಡಿರಲಿಲ್ಲ. ಹಿಂದೆ ಮನೆ ಬಾಡಿಗೆಯ ತಕರಾರಿನಲ್ಲಿ ನ್ಯಾಯಾಧೀಶರ ಮುಂದೆ ಅವರ ಮಾತನ್ನು ಹೇಳಿದವಳು ಇಂಪನಾ. ಬಾಗಿಲು ತೆರೆದ ಕೂಡಲೇ ಅವರು ಸಂತೋಷದಿಂದ ಕೈಯಲ್ಲಿ ಏನೇನೋ ಕೇಳಿದರು. ಅವಳು ಮಿಕಮಿಕ ನೋಡುತ್ತ ನಿಂತಳು. ಅವರು ಕೈ ಕೆಳಗಿಳಿಸಿದರು. ನಡೆದದ್ದನ್ನು ಅವಳು ಫೋನಿನಲ್ಲಿ ಬರೆದು ತೋರಿಸಿದಾಗ ಅವರು ಓದಿ, ಮತ್ತೊಮ್ಮೆ ಓದಿ, ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟರು.

ಕಲಿಕೆ ಸುಲಭವಾಗಲಿಲ್ಲ. ಕಸಿಯಾದ ಜಾಗದಲ್ಲಿ ಮಸೂರದ ಹೆಣಿಗೆ ಬಿಗಿಯಾಗಿ ಕುಳಿತಿತ್ತು. ಸನ್ನೆಗೆಂದು ಎತ್ತಿದ ಬೆರಳು ತಾನಾಗಿ ಗಾಜು ಹಿಡಿಯುವ ಭಂಗಿಗೆ ತಿರುಗುತ್ತಿತ್ತು. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ನೀರು, ಹಾಲು, ಚಂದ್ರ, ಬೇಡ, ಎಲ್ಲಿ ಎನ್ನುವಷ್ಟು ಬಂದಿತ್ತು. ಹಂಸಿನಿ ವರ್ಷದ ಕೂಸಾಗಿದ್ದಾಗ ಆಡುತ್ತಿದ್ದ ಮಾತುಗಳು ಅವು. ಆ ಕಾಲದ ಒಂದೆರಡು ನೆನಪುಗಳಿಗೆ ಅರ್ಥ ಮರಳಿತು. ಹಾಲು ಬೇಡ ಎಂದು ಮುಖ ತಿರುಗಿಸಿದ್ದು. ಚಂದ್ರ ಎಲ್ಲಿ ಎಂದು ಕೇಳಿದ್ದು. ಮಿಕ್ಕದ್ದೆಲ್ಲ ಇನ್ನೂ ದೂರವಿತ್ತು. ನೆನಪಿನ ಕೈಗಳೂ ಹೊಸ ಹೆಣಿಗೆಯ ಒತ್ತಡಕ್ಕೆ ನಿಧಾನವಾಗಿ ಮಸುಕಾಗುತ್ತಿವೆಯೋ ಎಂಬ ಭಯ ಅವಳನ್ನು ಕಾಡುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಎದ್ದ ಕೈ ಹೇಗೆ ತಿರುಗಿತ್ತು ಎಂಬುದು ಈಗಾಗಲೇ ಅವಳಿಗೆ ಖಚಿತವಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಧೈರ್ಯ ಮಾಡಿ ಮಗಳ ಹಳೆಯ ವಿಡಿಯೋ ಒಂದನ್ನು ಅರುಳಪ್ಪನವರ ಮುಂದೆ ಹಿಡಿದಳು. ಹಂಸಿನಿ ಎರಡು ಜಡೆ ಹಾಕಿಕೊಂಡು ಕ್ಯಾಮೆರಾ ಕಡೆ ನೋಡುತ್ತ ಮಾತಾಡುತ್ತಿದ್ದಳು. ಅರುಳಪ್ಪ ನೋಡುತ್ತ ನೋಡುತ್ತ ನಕ್ಕರು. ಮತ್ತೆ ಹಾಕಿಸಿ, ನಿಲ್ಲಿಸಿ ನಿಲ್ಲಿಸಿ, ಫೋನಿನಲ್ಲಿ ಬರೆದರು:

“ಟೀಚರ್ ನಿದ್ದೆ ಮಾಡಿದರಂತೆ. ತಲೆ ಹೀಗೆ ಹೀಗೆ ಬೀಳುತ್ತಿತ್ತಂತೆ. ಯಾರೂ ಎಬ್ಬಿಸಲಿಲ್ಲವಂತೆ. ನೀನೂ ಹಾಗೇ ನಿದ್ದೆ ಮಾಡುತ್ತೀಯ ಎನ್ನುತ್ತಾಳೆ.”

ಇಂಪನಾ ಬರೆದದ್ದನ್ನು ಓದಿ ಬಾಯಿಗೆ ಸೆರಗು ಒತ್ತಿಕೊಂಡಳು. ವಿಡಿಯೋದ ಕೊನೆಯಲ್ಲಿ ಹಂಸಿನಿ ಎರಡು ಬೆರಳಿನಿಂದ ಕೆನ್ನೆ ತಟ್ಟಿ, ಮುಷ್ಟಿ ಕಟ್ಟಿ, ಅದನ್ನು ಕ್ಯಾಮೆರಾ ಕಡೆಗೆ ಮೆಲ್ಲನೆ ಬಿಚ್ಚಿದಳು. ಕ್ಯಾಮೆರಾದ ಹಿಂದಿನಿಂದ ಒಂದು ಜೋರು ನಗು ಕೇಳಿಸಿತು. ಅದು ಇಂಪನಾಳದೇ ನಗು.

“ಇದು?” ಎಂದು ಅವಳು ಕೈಯಲ್ಲಿ ಕೇಳಿದಳು.

ಅರುಳಪ್ಪ ಅಷ್ಟು ಭಾಗವನ್ನೇ ಮತ್ತೆ ಮತ್ತೆ ನೋಡಿದರು. ತಲೆಯಾಡಿಸಿದರು. “ಇದು ನಮ್ಮ ಭಾಷೆಯಲ್ಲಿ ಇಲ್ಲಮ್ಮ,” ಎಂದು ಬರೆದರು. “ಮನೆಯಲ್ಲಿ ನೀವಿಬ್ಬರೇ ಮಾಡಿಕೊಂಡಿದ್ದು ಇರಬೇಕು. ಇದರ ಅರ್ಥ ನಿನಗೆ ಮಾತ್ರ ಗೊತ್ತಿತ್ತು.”

ಹೊರಗೆ ಬೀದಿಯಲ್ಲಿ ಮಕ್ಕಳು ಶಾಲೆ ಬಿಟ್ಟು ಗಲಾಟೆ ಮಾಡುತ್ತ ಹೋಗುತ್ತಿದ್ದರು. ಇಂಪನಾ ಫೋನಿನ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ಕಣ್ಣೀರು ಕೆನ್ನೆಯ ಮೇಲಿಂದ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು; ಒರೆಸಿಕೊಳ್ಳಲೂ ಇಲ್ಲ. ಮುದುಕರು ಬಹಳ ಹೊತ್ತು ಯೋಚಿಸಿ ಮತ್ತೆ ಬರೆದರು: “ಅಮ್ಮ ಅಂತಲೋ ಮುದ್ದು ಅಂತಲೋ ಇರಬಹುದು. ಅದೇ ಅರ್ಥ ಅಂದುಕೊಳ್ಳೋಣವಾ?”

ಅವಳು ಫೋನ್ ತೆಗೆದುಕೊಂಡು ನಿಧಾನವಾಗಿ ಬರೆದಳು. “ಬೇಡ. ಅದಕ್ಕೆ ಅರ್ಥ ಇದೆ. ನನಗೆ ಗೊತ್ತಿಲ್ಲ, ಅಷ್ಟೇ.”

ಆಮೇಲೆ ಕಣ್ಣೊರೆಸಿಕೊಂಡು, ಎರಡು ಬೆರಳಿನಿಂದ ಕೆನ್ನೆ ತಟ್ಟಿ, ಮುಷ್ಟಿ ಕಟ್ಟಿ ಬಿಚ್ಚಿದಳು. ಬೆರಳು ಗಾಜು ಹಿಡಿಯುವಂತೆ ಬಾಗಿತು. ಅರುಳಪ್ಪ ಹಾಗಲ್ಲ ಎಂದು ತಲೆಯಾಡಿಸಿ, ಅವಳ ಕೈ ಹಿಡಿದು, ಹೆಬ್ಬೆರಳನ್ನು ತುಸು ಒಳಗೆ ಸರಿಸಿದರು. ವಿಡಿಯೋದಲ್ಲಿ ಮಗು ಮಾಡಿದ್ದನ್ನು ತಾವೂ ಮಾಡಿ ತೋರಿಸಿದರು. ಅವಳು ಮತ್ತೆ ಮಾಡಿದಳು. ಅವರು ಮತ್ತೆ ತಿದ್ದಿದರು.