ಆರನೇ ಟೈರು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕುಶಾಲನಗರದಾಚೆಯ ಶೆಡ್ಡಿನಲ್ಲಿ ನಾನೊಬ್ಬನೇ ಹಳೇ ಟೈರುಗಳನ್ನು ಕೊಚ್ಚಿ, ಪುಡಿಮಾಡಿ, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ರೋಲರಿಗೆ ಕೊಟ್ಟು ರಬ್ಬರ್ ಹಾಳೆ ತೆಗೆಯುತ್ತಿದ್ದೆ. ಆ ನಾತಕ್ಕೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ, ಲಾರಿ ಓಡಿಸುವ ಚೌಡಪ್ಪನೊಬ್ಬನನ್ನು ಬಿಟ್ಟು.

ಸಂಜೆ ಬಂದವನೇ, "ಕಾಫಿಗೆ ಇಡಣ್ಣ, ಆರಕ್ಕೂ ಒಂದೊಂದ್ ಏಟ್ ಹಾಕ್ಬುಟ್ಟು ಬತ್ತೀನಿ" ಎಂದು ಕಬ್ಬಿಣದ ಸರಳಿನಿಂದ ಲಾರಿಯ ಆರೂ ಟೈರುಗಳ ಗಾಳಿ ತಟ್ಟಿ ನೋಡುತ್ತಿದ್ದ. ಆರನೇ ಏಟಿಗೆ ನಾನು ಕಾಫಿ ಸೋಸುತ್ತಿದ್ದೆ.

ಮಾಕುಟ್ಟದ ಇಳಿಜಾರಿನಲ್ಲಿ ಲಾರಿ ಉರುಳಿ ಚೌಡಪ್ಪ ತೀರಿಕೊಂಡ. ಆ ಲಾರಿಯ ಐದು ಟೈರು ನನ್ನಲ್ಲಿಗೇ ಬಂದವು. ಆರನೆಯದು ಕಣಿವೆಯಲ್ಲಿ ಸಿಕ್ಕಲಿಲ್ಲವಂತೆ. ಹೊಟ್ಟೆಪಾಡು, ಬೇಯಿಸಿದೆ. ರೋಲರಿನಿಂದ ಕೈ ಸುಡುವಂತೆ ಬರಬೇಕಾದ ಹಾಳೆ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಆ ಸಂಜೆ ಹಾಳೆಗಳ ಕಡೆಯಿಂದ ಸರಳಿನ ಸದ್ದು ಕೇಳಿತು. ಐದು ಏಟು, ಆಮೇಲೆ ಏನಿಲ್ಲ. ದಿನವೂ ಹಾಗೇ. ಕಾಫಿ ಸೋಸುವುದೋ ಬೇಡವೋ ತಿಳಿಯದೆ ಪಾತ್ರೆ ಹಿಡಿದು ನಿಂತಿರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಆ ಕಣಿವೆಗೆ ಸೌದೆಗೆ ಹೋದವರು ಆರನೇ ಟೈರನ್ನು ತಂದು ಹಾಕಿದರು. ಅಂದಿನಿಂದ ಸದ್ದಿಲ್ಲ. ಅದೊಂದನ್ನು ಬೇಯಿಸಲು ನನಗೆ ಮನಸ್ಸಾಗಲಿಲ್ಲ. ಈಗಲೂ ನನ್ನ ಹಿತ್ತಿಲಲ್ಲಿದೆ. ಮಳೆ ಹೊಯ್ಯುವ ಸಂಜೆಯಲ್ಲೂ ಕೈಯಿಟ್ಟರೆ, ಈಗತಾನೇ ಘಾಟಿ ಇಳಿದು ಬಂದಂತೆ ಬಿಸಿಯಾಗಿರುತ್ತದೆ.