ಹಬೆಗೆ ಬಗ್ಗದ ವಿಷ

"ನಾನು ಯಾರಿಗೂ ವಿಷ ಹಾಕಿಲ್ಲ, ಡಾಕ್ಟ್ರಮ್ಮಾ," ಎಂದು ಎರ್ಮಿಲಾ ನಮ್ಮ ಅಂಗಳದಲ್ಲಿ ಕುಸಿದು ಕುಳಿತಳು. ರೆಮಿಹಿಯಾ ಅವರು ಕಾಫಿ ಲೋಟ ಕೆಳಗಿಡಲಿಲ್ಲ. ಪ್ರಯೋಗಾಲಯದಲ್ಲಿ ರೋಗಾಣುಗಳ ಜೊತೆಗೇ ಆಯುಷ್ಯ ಸವೆಸಿ ನಿವೃತ್ತರಾದವರು ಅವರು. ಊರಿನವರ ಕಣ್ಣೀರಿಗೆ ಬೇಗ ಬೆಚ್ಚುವವರಲ್ಲ. ನಾನು ಅವರ ಮಹಡಿಯ ಬಾಡಿಗೆದಾರ, ಅವರ ಎಲ್ಲ ಪತ್ತೇದಾರಿಕೆಗೂ ಪುಕ್ಕಟೆ ಸಾಕ್ಷಿ.

ಕ್ಯಾಂಡೆಲಾರಿಯಾ ಹಬ್ಬಕ್ಕೆ ಎರ್ಮಿಲಾ ಮಗಳ ಭಾವಿ ಬೀಗರನ್ನು ಕರೆದು, ಜೋಳದ ಹಿಟ್ಟಿಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ತಮಾಲೆ ಬಡಿಸಿದ್ದಳು. ಊಟದ ಮೇಲಿನ ಹರಟೆ ಮುಗಿಯುವಷ್ಟರಲ್ಲಿ ಅರ್ಧ ಮನೆ ವಾಂತಿ ಮಾಡಿಕೊಂಡಿತ್ತು. ಎಲ್ಲರೂ ಚೇತರಿಸಿಕೊಂಡರು, ಆದರೆ ತಾವೂ ಮಲಗಿದ್ದ ವರನ ತಾಯಿ ಕಸಿಲ್ಡಾ ಮದುವೆ ಮುರಿದರು. ಹಿಂದಿನ ಸಂಜೆ ಮದುವೆಯ ವಾದ್ಯದವರ ವಿಷಯಕ್ಕೆ ಅವರಿಗೂ ಎರ್ಮಿಲಾಗೂ ಜಗಳವಾಗಿತ್ತು. ಸಿಟ್ಟಿನ ಕೈಯ ತಮಾಲೆ ಕೆಡುತ್ತದೆ, ಪಾತ್ರೆಯ ಮುಂದೆ ಯಾರಾದರೂ ಕುಣಿದು ತಮಾಲೆಯನ್ನು ಸಮಾಧಾನ ಮಾಡಬೇಕಿತ್ತು ಎಂದು ಊರು ಆಗಲೇ ತೀರ್ಪು ಕೊಟ್ಟಿತ್ತು.

ರೆಮಿಹಿಯಾ ಕೇಳಿದ್ದು ಬೇರೆಯೇ. ಜ್ವರ ಬಂದಿತ್ತೆ? ಯಾರಿಗೂ ಇಲ್ಲ. ಯಾರು ಏನು ತಿಂದಿದ್ದರು? ಕೋಳಿಯ ತಮಾಲೆ ತಿಂದವರು ಮಲಗಿದರು, ಅದೇ ಪಾತ್ರೆಯಲ್ಲಿ ಬೆಂದ ಒಣದ್ರಾಕ್ಷಿಯದನ್ನು ತಿಂದವರು ಕುಣಿಯುತ್ತಿದ್ದರು. ಕೋಳಿಯನ್ನು ಹಿಂದಿನ ಸಂಜೆ ಬೇಯಿಸಿ, ಎರಡೂ ಮನೆಯ ಹೆಂಗಸರು ಕೈಯಲ್ಲೇ ಎಳೆಎಳೆಯಾಗಿ ಬಿಡಿಸಿ, ಬೆಳಗಿನವರೆಗೆ ಬೆಚ್ಚಗಿನ ಒಲೆಯ ಪಕ್ಕ ಬಟ್ಟೆ ಮುಚ್ಚಿ ಇಟ್ಟಿದ್ದರು.

ಆಮೇಲೆ ಕಸಿಲ್ಡಾ ಅವರ ಮನೆಗೆ ಹೋದೆವು. ಅವರು ಎರ್ಮಿಲಾಳನ್ನು ಬಯ್ಯುವಾಗ ಬಟ್ಟೆ ಸುತ್ತಿದ ಹೆಬ್ಬೆರಳು ನನ್ನ ಮೂಗಿನ ಮುಂದೆಯೇ ಕುಣಿಯಿತು. ಹಬ್ಬಕ್ಕೆ ಮೊದಲೇ ಪಾಪಾಸುಕಳ್ಳಿ ಕೊಯ್ಯುವಾಗ ಮುಳ್ಳು ಚುಚ್ಚಿತ್ತಂತೆ. ನಾನು ಮೂಗು ಹಿಂದೆಳೆದುಕೊಂಡೆ. ರೆಮಿಹಿಯಾ ಬೆರಳನ್ನೇ ನೋಡುತ್ತಿದ್ದರು.

ಭಾನುವಾರ ಎರಡೂ ಮನೆಯವರು ನಮ್ಮ ಅಂಗಳದಲ್ಲಿ ಸೇರಿದರು.

"ಕೋಳಿ ಬಿಡಿಸಿದವರೆಲ್ಲ ಕೈ ಚಾಚಿ," ಎಂದರು ರೆಮಿಹಿಯಾ. ಕಸಿಲ್ಡಾ ಅವರ ಬಟ್ಟೆ ಬಿಚ್ಚಿದಾಗ ಹೆಬ್ಬೆರಳಲ್ಲಿ ಕೀವು ತುಂಬಿತ್ತು.

"ಸಹಾಯಕ್ಕೆ ಹೋಗಿದ್ದೇ ತಪ್ಪಾಯ್ತಾ? ಅಷ್ಟು ಹೊತ್ತು ಹಬೆಯಲ್ಲಿ ಬೆಂದ್ಮೇಲೆ ಯಾವ ಕ್ರಿಮಿ ಉಳಿಯುತ್ತೆ?" ಎಂದರು ಕಸಿಲ್ಡಾ.

"ಒಂದೂ ಉಳಿದಿಲ್ಲ. ಆದ್ರೆ ಈ ಕೀವಿಂದ ಇಳಿದವು ಸಾಯೋ ಮೊದ್ಲು, ಆ ಬೆಚ್ಚಗಿನ ರಾತ್ರಿಯಿಡೀ, ಕೋಳೀಲಿ ವಿಷ ಮಾಡಿಟ್ಟಿದ್ವು. ಅದು ಹಬೆಗೆ ಬಗ್ಗಲ್ಲ. ಅಡುಗೆಯವನನ್ನ ಓಡಿಸಿದ್ರೆ ಅವನು ಹಾಕಿದ ಉಪ್ಪು ಹೋಗುತ್ತೇನಮ್ಮ?"

ಜೀವಂತ ಕ್ರಿಮಿ ಒಳಹೊಕ್ಕಿದ್ದರೆ ಅದು ಬೆಳೆಯಲು ಹೊತ್ತು ಬೇಕಿತ್ತು, ಜ್ವರವೂ ಬರುತ್ತಿತ್ತೇನೋ, ಎಂದು ರೆಮಿಹಿಯಾ ಬಿಡಿಸಿ ಹೇಳಿದರು. ಸಿದ್ಧ ವಿಷಕ್ಕೆ ಆ ಕಷ್ಟವಿಲ್ಲ. ಹೊಟ್ಟೆಯ ನರಗಳನ್ನು ಕೆಣಕಿತು, ಮಿದುಳು ಎಲ್ಲವನ್ನೂ ಹೊರಗೆಸೆಯಲು ಹೇಳಿತು. ಅದಕ್ಕೇ ಅಷ್ಟು ಬೇಗ. ಸಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಬೆರಳು ಮುಚ್ಚಿ, ಕೋಳಿಯನ್ನು ತಣ್ಣಗಿಟ್ಟಿದ್ದರೆ ಜಗಳವಾಡುತ್ತಲೇ ಚೆನ್ನಾಗಿ ಉಣ್ಣಬಹುದಿತ್ತು.

ಕಸಿಲ್ಡಾ ಬೆರಳಿಗೆ ಮತ್ತೆ ಬಟ್ಟೆ ಸುತ್ತಿಕೊಂಡರು. "ಅಂದ್ರೆ ನನಗೆ ನಾನೇ ವಿಷ ಹಾಕ್ಕೊಂಡೆ."

"ನನ್ನ ಕೋಳೀಲಿ, ಬೀಗಿತ್ತೀ," ಎಂದಳು ಎರ್ಮಿಲಾ.

ಮೊದಲು ನಕ್ಕವರು ಕಸಿಲ್ಡಾ ಅವರೇ. ಮದುವೆ ನಿಂತಲ್ಲಿಂದಲೇ ಮುಂದುವರಿಯಿತು. ಮದುವೆಯ ಅಡುಗೆಮನೆಯಲ್ಲಿ ಕಸಿಲ್ಡಾ ಅವರಿಗೆ ಏನನ್ನೂ ಮುಟ್ಟುವ ಅಧಿಕಾರವಿರಲಿಲ್ಲ. ಆದ್ದರಿಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಮಾಲೆ ಬೇಯುವವರೆಗೂ ಪಾತ್ರೆಯ ಮುಂದೆ ಕುಣಿದರು. ವಿಜ್ಞಾನದ ಪ್ರಕಾರ ಅದರ ಅಗತ್ಯವಿಲ್ಲ ಎನ್ನುತ್ತಲೇ ರೆಮಿಹಿಯಾ ತಾಳ ಹಾಕಿದರು.