ಅತ್ತಿಗಡ್ಡಿಯ ಅರ್ಧ ಪುಟ

ಅತ್ತಿಗಡ್ಡಿಯ ಬಗ್ಗೆ ನಾನು ಬರೆಯಬೇಕಾಗಿದ್ದದ್ದು ಬರೀ ಅರ್ಧ ಪುಟ. ಅಷ್ಟಕ್ಕೇ ನಾಲ್ಕು ಸಲ ಹೋದೆ.

೧೯೩೬ರ ಚಳಿಗಾಲ. ಹುಕ್ಕೇರಿಯ ಒಂದು ಸಣ್ಣ ಛಾಪಖಾನೆಯಲ್ಲಿ ಅಚ್ಚಿನ ತಪ್ಪು ತಿದ್ದುವುದು ನನ್ನ ಕೆಲಸ. ಗೋಕಾಕ ಫಾಲ್ಸ್ ನೋಡಲು ಬರುವವರಿಗಾಗಿ ಒಂದು ಕೈಪಿಡಿ ತರಬೇಕೆಂದು ನಮ್ಮ ಮಾಲಕರಿಗೆ ಮನಸ್ಸಾಯಿತು. ಎಲ್ಲಿ ಇಳಿದುಕೊಳ್ಳಬೇಕು, ಎಲ್ಲಿ ಉಣ್ಣಬೇಕು, ಏನೇನು ನೋಡಬೇಕು, ಎಲ್ಲ ಬರೆದುಕೊಂಡು ಬಾ ಎಂದು ನನ್ನನ್ನು ಅಟ್ಟಿದರು. ಗೋಕಾಕಕ್ಕೆ ನಾಲ್ಕು ಪುಟ. ಘಟಪ್ರಭೆಯ ನಡುವೆ ಇರುವ ಈ ಪುಟ್ಟ ನಡುಗಡ್ಡೆಗೆ ಅರ್ಧ.

ದಾಟಿಸಿದವನು ಹರಗೋಲಿನ ಹೊಳೆಪ್ಪ. ಪೆನ್ಸಿಲ್ ಹಿಡಿದವರೆಲ್ಲ ಅವನಿಗೆ ಮಾಸ್ತರರೇ. ನಡುಗಡ್ಡೆಯನ್ನು ಸುತ್ತಿ ಬರಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು. ಏಳೆಂಟು ಅತ್ತಿಮರ, ಒಂದು ಹಳೆಯ ಲಿಂಗದ ಗುಡಿ, ಒಂದು ಬಾವಿ, ಒಂದು ತಗಡಿನ ಶೆಡ್ಡು, ಮತ್ತೆ ಶಿವಗಂಗವ್ವ ಎಂಬ ಮುದುಕಿಯ ಖಾನಾವಳಿ. ಹೆಸರಷ್ಟೇ ಮುದುಕಿಯದು, ನಡೆಸುತ್ತಿದ್ದವಳು ಅವಳನ್ನು ಆಯಿ ಎನ್ನುವ ಮೊಮ್ಮಗಳು ಇಂದ್ರವ್ವ.

ಅವಳು ಬೆಲ್ಲದ ಚೂರು, ತಂಬಿಗೆ ನೀರು ತಂದು ನನ್ನ ಮುಂದಿಟ್ಟಳು. ಯಾರೇ ಬಂದರೂ ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿ.

“ಬಂದವರಿಗೆ ಇಲ್ಲಿ ಏನೇನ ಅನುಕೂಲ ಅದಾವ್ರಿ?” ಎಂದೆ.

“ಇರಾಕ ಶೆಡ್ ಐತಿ. ಕುಡ್ಯಾಕ ಬಾವಿ ಐತಿ. ರೊಟ್ಟಿ ಬಡ್ಯಾಕ ನಾ ಅದೇನಿ. ಮನಷ್ಯಾಗ ಇನ್ನೇನ ಬೇಕ್ರಿ?”

ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ.

“ಬರಕೊಂಡ್ರೇನು?”

“ಹೂಂ.”

“ಸುಳ್ಳು. ನಿಮ್ಮ ಪೆನ್ಸಿಲ್ ಅಲುಗಾಡೇ ಇಲ್ಲ.”

ಹೇಳಿ ಒಳಗೆ ಹೋದಳು. ಬಾಗಿಲು ದಾಟುವಾಗ ಒಮ್ಮೆ ತಿರುಗಿದಳು. ನಾನು ಇನ್ನೂ ನೋಡುತ್ತಿದ್ದೇನೆಯೇ ಎಂದು ನೋಡಲು ತಿರುಗಿದ್ದಳು, ಸೆರಗಿನ ತುದಿ ಹಲ್ಲಿನಲ್ಲಿತ್ತು. ನಾನು ನೋಡುತ್ತಿದ್ದೆ.

ಎರಡನೆಯ ಸಲ ಹೋದದ್ದು ಅತ್ತಿಮರ ಎಣಿಸಲು. ಏಳೋ ಎಂಟೋ ಎಂದು ಪುಸ್ತಕದಲ್ಲಿ ಹಾಕಲಾಗುತ್ತದೆಯೇ? ಮೂರನೆಯ ಸಲ ಬಾವಿಯ ಆಳ ಅಳೆಯಲು.

“ಆಳ ನೋಡಾಕ ಹುಕ್ಕೇರಿಯಿಂದ ಬಂದ್ರಿ?” ಎಂದು ನಕ್ಕು ಹಗ್ಗ ಇಳಿಬಿಟ್ಟಳು. ಇಬ್ಬರೂ ಬಗ್ಗಿದೆವು. ಕೆಳಗಿನ ನೀರಿನಲ್ಲಿ ಎರಡು ಮುಖ ಬಾಜೂಬಾಜೂ ಇದ್ದವು. ಎದುರಿಗೆ ನನ್ನನ್ನು ನೇರವಾಗಿ ನೋಡದವಳು ನೀರಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಹಗ್ಗದ ಕೊಡವನ್ನು ದಬಕ್ಕನೆ ನೀರಿಗೆ ಬಿಟ್ಟಳು. ಮುಖ ಎರಡೂ ಚೂರಾದವು.

ನೀರು ಮತ್ತೆ ತಿಳಿಯಾಯಿತು. ಆಮೇಲೆ ಮೆಲ್ಲಗೆ, “ಬರೂ ಶುಕ್ರವಾರ ಯಮಕನಮರಡಿಯವರು ನನ್ನ ನೋಡಾಕ ಬರ್ತಾರ. ಕಾಕಾ ತಂದ ಗಂಡು. ಮದಿವ್ಯಾದ್ರ ಆಯೀನ್ನೂ ಅಲ್ಲಿಗೇ ಕರಕೊಂಡು ಹೋಗ್ತಾರಂತ. ಇಲ್ಲಿ ಕೀಲಿ ಹಾಕೂದು. ನಿಮ್ಮ ಪುಸ್ತಕದಾಗ ಖಾನಾವಳಿ ಬರೀಬ್ಯಾಡ್ರಿ,” ಎಂದಳು.

“ನಿಮಗ ಮನಸ ಐತೇನ್ರಿ?”

“ಕೇಳಿದವರು ನೀವೊಬ್ರ.”

ಹಗ್ಗ ಹಿಡಿದು ನಿಂತಳು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಊರವರ ತಪ್ಪನ್ನೆಲ್ಲ ತಿದ್ದುವ ನನಗೆ ಆ ಹೊತ್ತಿಗೆ ಸರಿಯಾದ ಒಂದು ಮಾತು ಹೊರಡಲಿಲ್ಲ. “ಚಲೋ ಆತ್ ಬಿಡ್ರಿ” ಎಂದೆ. ನನ್ನಂಥ ಹೆಡ್ಡ ಘಟಪ್ರಭೆಯ ಈ ದಂಡೆಯಲ್ಲೂ ಇರಲಿಕ್ಕಿಲ್ಲ, ಆ ದಂಡೆಯಲ್ಲೂ ಇರಲಿಕ್ಕಿಲ್ಲ.

ನಾಲ್ಕನೆಯ ಸಲ ಹೋದದ್ದು ಗುರುವಾರ. ಖಾನಾವಳಿಯ ಸಾಲು ಇಡಬೇಕೋ ತೆಗೆಯಬೇಕೋ ಎಂದು ಕೇಳಲು ಹೊರಟೆನೆಂದು ಮಾಲಕರಿಗೆ ಹೇಳಿದೆ. ಸರ್ವಿಸ್ ಮೋಟಾರಿನಲ್ಲಿ ಉದ್ದಕ್ಕೂ ನನಗೂ ಅದನ್ನೇ ಹೇಳಿಕೊಂಡೆ.

ಶಿವಗಂಗವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಇಂದ್ರವ್ವ ತಂಬಿಗೆ ತಂದಳು. ಈ ಸಲ ಬೆಲ್ಲ ಇರಲಿಲ್ಲ, ಅತ್ತಿಯ ಎಲೆಯ ಮೇಲೆ ಒಂದು ಹಿಡಿ ಸಕ್ಕರೆ ಇತ್ತು.

“ಬೆಲ್ಲ ತೀರೈತ್ರಿ,” ಎಂದಳು, ನೆಲ ನೋಡುತ್ತಾ.

ಬಾಯಾರಿತ್ತು. ತಲೆಯಲ್ಲಿ ಶುಕ್ರವಾರ ತುಂಬಿತ್ತು. ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

“ಸಕ್ರಿ ತಿಂದೇನೋ ಯಪ್ಪಾ?” ಎಂದು ಮುದುಕಿ ಕಟ್ಟೆಯಿಂದ ಕೂಗಿದಾಗಲೇ ನನಗೆ ಎಚ್ಚರವಾದದ್ದು. ನಮ್ಮವರಲ್ಲಿ ಗಂಡು ಹೆಣ್ಣಿನ ಮನೆಯಲ್ಲಿ ಸಕ್ಕರೆ ತಿಂದರೆ ಮಾತು ಮುಗಿಯಿತು, ಸಂಬಂಧ ಗಟ್ಟಿ. ಅದಕ್ಕೇ ಮದುವೆಯ ಮಗಳಿರುವ ಮನೆಯವರು ಬಂದ ಗಂಡಸಿಗೆ ಸಕ್ಕರೆ ಕೊಡುವುದೇ ಇಲ್ಲ.

“ಅಲ್ರೀ ಆಯೀ, ಬೆಲ್ಲ ತೀರಿತ್ತಂತ, ಅದಕ್ಕ…” ಎಂದು ತೊದಲಿದೆ.

ಇಂದ್ರವ್ವನ ಮುಖ ಸಣ್ಣದಾಯಿತು. “ಹೌದು ಆಯೀ. ತಪ್ಪಿ ಆಗೈತಿ. ಅವರದೇನೂ ಇಲ್ಲ,” ಎಂದು ಎಲೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಿರುಗಲಿಲ್ಲ.

ಹರಗೋಲಿನಲ್ಲಿ ಕೂತೆ. ನನ್ನ ಮುಖ ನೋಡಿ ಹೊಳೆಪ್ಪ ಏನಾಯಿತೆಂದು ಕೇಳಿದ. ಹೇಳಿದೆ.

ಅವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದ. “ಬೆಲ್ಲ ತೀರಿತ್ತಂತ? ಹೆಂಗ್ರಿ ಮಾಸ್ತರ? ಇವತ್ತ ಮುಂಜಾನಿ ಗೋಕಾಕದಿಂದ ಒಂದು ಇಡೀ ಪೆಂಟಿ ಬೆಲ್ಲ ನಾನ ಹೊತ್ತು ತಂದು ಆಕಿ ಅಡಗಿಮನ್ಯಾಗ ಇಟ್ಟೇನಲ್ರಿ.”

ಬಾವಿಯ ದಂಡೆಯಲ್ಲಿ ನಾನು ಆಡಲಾರದ ಮಾತನ್ನು ಅವಳು ಎಲೆಯ ಮೇಲಿಟ್ಟು ಕೊಟ್ಟಿದ್ದಳು. ನಾನು ಅದನ್ನು ತಿಂದು, ಬೆಲ್ಲ ತೀರಿತ್ತೆಂದು ನೆಪ ಹೇಳಿ ಬಂದಿದ್ದೆ.

“ಹೊಳೆಪ್ಪ, ತಿರುಗಸು.”

ಅವಳು ಇನ್ನೂ ಒಲೆಯ ಮುಂದೆಯೇ ಇದ್ದಳು. ನನ್ನನ್ನು ಕಂಡು ಬೇಗ ಕಣ್ಣು ಒರೆಸಿಕೊಂಡಳು. “ಮತ್ತೇನ ಅಳೀಬೇಕಿತ್ರಿ?”

“ಇನ್ನೊಂದು ಚೂರು ಸಕ್ರಿ ಬೇಕಾಗಿತ್ತು.”

“ತಿಂದ್ರಲ್ಲ.”

“ಆಗ ತಿಳೀಲಾರದ ತಿಂದೆ. ಈಗ ತಿಳದು ತಿನ್ನಾಕ ಬಂದೇನಿ. ಇಲ್ಲಿ ಕೀಲಿ ಬೀಳೂದು ಬ್ಯಾಡ ಇಂದ್ರವ್ವ. ನಾನ ಈ ಗಡ್ಡಿಗಿ ಇರಾಕ ಬರ್ತೇನಿ.”

ಅವಳ ಹಿಂದೆ ಗೂಡಿನಲ್ಲಿ ಬೆಲ್ಲದ ಪೆಂಟಿ ಗುಂಡಗೆ ಕೂತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ಕಿವಿಯವರೆಗೂ ಕೆಂಪಾದಳು.

“ಸುಳ್ಳ ಯಾಕ ಹೇಳಿದ್ರಿ?” ಎಂದೆ.

“ನೀವು ಬಾವಿ ಆಳ ನೋಡಾಕ ಬಂದಿದ್ರೇನು?”

ಸಕ್ಕರೆಯ ಡಬ್ಬಿ ತೆಗೆದಳು. ಈ ಸಲ ಎಲೆ ಬೇಡವೆಂದೆ, ಅಂಗೈ ಚಾಚಿದೆ. ಅವಳು ಸುರಿದದ್ದರಲ್ಲಿ ಅರ್ಧ ಸಕ್ಕರೆ ನೆಲಕ್ಕೇ ಬಿತ್ತು. ಆದರೂ ಈ ಸಲ ಕಣ್ಣು ನೆಲ ನೋಡಲಿಲ್ಲ, ನನ್ನನ್ನೇ ನೋಡಿತು. ಬಾವಿಯ ನೀರಿನಲ್ಲಿ ನೋಡಿದ ಹಾಗೇ, ಆದರೆ ಎದುರಿಗೇ.

ಮುದುಕಿ ಹೊಳೆಪ್ಪನನ್ನು ಕೂಗಿದಳು. “ಯಮಕನಮರಡಿಯವರಿಗೆ ಇವತ್ತ ಹೇಳಿ ಕಳಸೋ. ನಮ್ಮ ಮನ್ಯಾಗ ಸಕ್ರಿ ತಿಂದಾಗೈತಿ, ತ್ರಾಸ ತಗೊಂಡು ಬರಬ್ಯಾಡ್ರಿ ಅನ್ನು!”

ಯುಗಾದಿಗೆ ಮದುವೆಯಾಯಿತು. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಅತ್ತಿಗಡ್ಡಿಯ ಅರ್ಧ ಪುಟವನ್ನು ಇಂದ್ರವ್ವನ ಮುಂದಿಟ್ಟೆ. ಮೂರನೆಯ ಇಯತ್ತೆ ಓದಿದವಳು, ಬೆರಳಿಟ್ಟು ನಿಧಾನವಾಗಿ ಓದಿದಳು. ಬಾವಿ, ಗುಡಿ, ಶೆಡ್ಡು, ಅತ್ತಿಮರ ಎಂಟು, ಖಾನಾವಳಿ, ಬಂದವರಿಗೆಲ್ಲ ಬೆಲ್ಲ-ನೀರು. ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಕೆಳಗೆ ಒಂದು ಸಾಲು ಸೇರಿಸಿದಳು.

“ಸಕ್ಕರೆ ಕೊಡುವುದಿಲ್ಲ.”

ಇದೇನೆಂದು ಮಾಲಕರು ಕೇಳಿದರು. ಅದರಲ್ಲಿ ತಪ್ಪೇನೂ ಇಲ್ಲ, ಹಾಗೇ ಇರಲಿ ಎಂದೆ.